ತೆಂಗಿನಕಾಯಿ ಎದ್ದು ನಿಂತ್ರೆ ನೀರು ಬಂದಂಗಾ?

ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಮಲಗಿಸ್ಕೊಂಡು, ಜುಟ್ಟನ್ನ ಬೆರಳಿನ ಕಡೆ ಮಾಡ್ಕೊಂಡು, ಬೋರ್ ಕೊರೆಸೋಕೆ ನೀರಿನ ಪಾಯಿಂಟ್ ನೋಡೋ ಆ ಮನುಷ್ಯ ಬರಿಗಾಲಲ್ಲಿ ನಮ್ಮ ತೋಟ ಪೂರ್ತಿ ಸುತ್ತಿದ್ರು. ಹಿಂದೆ ಅಪ್ಪ, ಅಪ್ಪನ ಹಿಂದೆ ಚಿಕ್ಕಪ್ಪ, ಎಲ್ಲರ ಹಿಂದೆ ಸುಣ್ಣದ ಪುಡಿ ಡಬ್ಬ ಹಿಡ್ಕೊಂಡು ನಾನು. ಬೇಲಿ ಪಕ್ಕದ ಹುಣಸೆಮರ ದಾಟ್ತಿದ್ದಂಗೆ ಕಾಯಿ ಮೆಲ್ಲಗೆ ತಲೆ ಎತ್ತಿ ನೆಟ್ಟಗೆ ನಿಂತೇಬಿಡ್ತು. "ಇಲ್ಲೇ ಗೌಡ್ರೇ, ಎರಡು ಸೆಲೆ ಕೂಡೋ ಜಾಗ, ನಾನೂರೈವತ್ತಕ್ಕೆ ಒಂದು ಗ್ಯಾಪು, ಆರುನೂರಕ್ಕೆ ಇನ್ನೊಂದು, ಎರಡೂವರೆ ಇಂಚಿಗೆ ಮೋಸ ಇಲ್ಲ" ಅಂದ್ರು. ಅಪ್ಪ ನನ್ನ ಕಡೆ ತಿರುಗಿ ನೋಡಿದ್ರು. ಆ ನೋಟ ಹೆಂಗಿತ್ತು ಅಂದ್ರೆ, ಈಗೇನಂತೀಯಪ್ಪಾ ಬೆಂಗಳೂರಿನವ್ನೇ ಅನ್ನೋ ಥರ. ನಾನು ಏನೂ ಅನ್ನದೆ ಸುಣ್ಣ ಸುರಿದು ಗುರುತು ಹಾಕ್ದೆ.

ನಮ್ಮೂರು ಚಿಕ್ಕನಾಯಕನಹಳ್ಳಿ ಕಡೆ. ಮನೇಲಿ ಇರೋದು ತೆಂಗಿನ ತೋಟ, ಕೈಲಿ ಇಲ್ಲದೇ ಇರೋದು ನೀರು. ಹಳೇ ಬೋರು ಹತ್ತು ವರ್ಷ ಚೆನ್ನಾಗಿ ಓಡಿ ಬತ್ತೋಯ್ತು, ಅದಾದ್ಮೇಲೆ ಕೊರೆಸಿದ ಎರಡೂ ಬರೀ ಧೂಳು. ಇದು ಮೂರನೇದು. ಪಾಯಿಂಟ್ ಹಾಕಿಸಿದ ದಿನದಿಂದ ಲಾರಿ ಬರೋವರೆಗೂ ಐದು ದಿನ ಇತ್ತು, ಆ ಐದು ದಿನ ನಮ್ಮನೆ ಜಗಲಿ ಮೇಲೆ ನಡೆದ ವಾದ ಇದೆಯಲ್ಲ ಅದನ್ನ ಯಾರಾದ್ರೂ ರೆಕಾರ್ಡ್ ಮಾಡಿದ್ರೆ ಕಾಲೇಜಲ್ಲಿ ಲಾಜಿಕ್ ಪಾಠಕ್ಕೆ ಬೇರೆ ಪುಸ್ತಕನೇ ಬೇಕಾಗಿರ್ಲಿಲ್ಲ. ತರ್ಕದಲ್ಲಿ ಆಗೋ ತಪ್ಪುಗಳನ್ನ ಫ್ಯಾಲಸಿ ಅಂತ ನಾವು ಇಂಟರ್ನೆಟ್ಟಲ್ಲಿ ಲ್ಯಾಟಿನ್ ಹೆಸರುಗಳ ಸಮೇತ ಓದಿ ಬಾಯಿಪಾಠ ಮಾಡ್ತೀವಲ್ಲ, ಅವೆಲ್ಲ ನಮ್ಮ ಜಗಲಿಗೆ ಬರೋದು ಗಾದೆ ವೇಷದಲ್ಲಿ.

ಶುರು ಮಾಡಿದ್ದು ನಾನೇ. ಈ ಕಾಯಿ ಶಾಸ್ತ್ರ ಬೇಡ, ನೆಲಕ್ಕೆ ಕರೆಂಟ್ ಬಿಟ್ಟು ನೀರು ಹುಡುಕೋ ಮಿಷನ್ ತರಿಸಿ ನೋಡ್ಸೋಣ ಅಂದೆ. ಅಪ್ಪ ತಕ್ಷಣ "ಪಕ್ಕದ ತೋಟದಲ್ಲಿ ಇವ್ರೇ ನೋಡಿದ್ದು, ಮೂರಿಂಚು ನೀರು ಬಿತ್ತಲ್ಲ? ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದಗುಳು ಸಾಕು ಕಣೋ" ಅಂದ್ರು.

ನಿಜ ಹೇಳ್ಬೇಕು ಅಂದ್ರೆ ಈ ಗಾದೆ ಬಗ್ಗೆ ನನಗೆ ತುಂಬಾ ಗೌರವ ಇದೆ. ಸ್ಯಾಂಪ್ಲಿಂಗ್ ಅನ್ನೋದನ್ನ ಇದಕ್ಕಿಂತ ಚಿಕ್ಕದಾಗಿ ಹೇಳೋಕಾಗಲ್ಲ. ಆದ್ರೆ ಅದು ಪಾತ್ರೇಲಿ ಮಾತ್ರ ಯಾಕೆ ಕೆಲಸ ಮಾಡುತ್ತೆ ಅಂದ್ರೆ, ಅಲ್ಲಿರೋ ಅಕ್ಕಿ ಎಲ್ಲ ಒಂದೇ, ನೀರು ಒಂದೇ, ಉರಿ ಒಂದೇ, ಮಧ್ಯೆ ಅಮ್ಮ ಒಂದ್ಸಲ ಸೌಟು ಹಾಕಿ ತಿರುವಿರ್ತಾಳೆ. ನಮ್ಮ ಕಡೆ ಭೂಮಿ ಹಂಗಲ್ಲ. ಮೇಲೆ ಒಂದಷ್ಟು ಮಣ್ಣು, ಕೆಳಗೆ ಗಟ್ಟಿ ಕಲ್ಲು, ಆ ಕಲ್ಲಲ್ಲಿ ಎಲ್ಲೋ ಸೀಳು ಬಿಟ್ಟಿದ್ರೆ ಅದರಲ್ಲಿ ನೀರು. ಇಲ್ಲಿ ಗ್ಯಾಪ್ ಸಿಕ್ಕಿದ್ರೆ ಇಪ್ಪತ್ತು ಅಡಿ ಪಕ್ಕದಲ್ಲಿ ಧೂಳು ಬರ್ಬೋದು. ತಿರುವದೇ ಇರೋ ಪಾತ್ರೆ ಇದು. ಒಂದಗುಳು ನೋಡಿ ಪಕ್ಕದ ಅಗುಳಿನ ಬಗ್ಗೆನೂ ಹೇಳೋಕಾಗಲ್ಲ.

ಅದೂ ಅಲ್ಲದೆ ಆ ಪಾಯಿಂಟಿನವರು ನಮ್ಮ ಹೋಬಳೀಲಿ ಎಷ್ಟು ಕಡೆ ಕಾಯಿ ಹಿಡಿದಿದಾರೆ? ಯಾರಿಗೂ ಲೆಕ್ಕ ಗೊತ್ತಿಲ್ಲ. ನೀರು ಬಂದ ತೋಟದಲ್ಲಿ ದಿನಾ ಮೋಟರ್ ಓಡುತ್ತೆ, ರಸ್ತೇಲಿ ಹೋಗೋರಿಗೆಲ್ಲ ಕಾಣುತ್ತೆ, ಕೇಳಿದವರಿಗೆಲ್ಲ ಇಂತವ್ರು ನೋಡಿದ್ದು ಅಂತ ಹೇಳ್ತಾರೆ. ನೀರು ಬರದೇ ಇರೋ ಕೊಳವೆ ಬಾಯಿಗೆ ಮುಚ್ಚಳ ಹಾಕಿ ಕಲ್ಲು ಹೇರಿಬಿಟ್ರೆ ಎರಡು ಮಳೆಗೆ ಹುಲ್ಲು ಬೆಳೆದು ಅಲ್ಲೊಂದು ತೂತಿತ್ತು ಅನ್ನೋದೂ ಮರೆತೋಗುತ್ತೆ. ಹತ್ತು ಕಡೆ ಸುಮ್ನೆ ಕಣ್ಣುಮುಚ್ಚಿ ಕೊರೆದ್ರೂ ಐದಾರು ಕಡೆ ನೀರು ಬೀಳೋ ಊರು ಅಂತಿಟ್ಕೊಳ್ಳಿ, ಆಗ ಕಾಯಿ ಹಿಡಿದವರಿಗೂ ಐದಾರು ಕಡೆ ಬಿದ್ದೇ ಬೀಳುತ್ತೆ, ಅದರಲ್ಲಿ ಕಾಯಿದೇನು ಹೆಚ್ಚುಗಾರಿಕೆ? ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತೀವಲ್ಲ ಅದೇ ಇದು, ಸಂಸ್ಕೃತದಲ್ಲಿ ಕಾಕತಾಳೀಯ ಅನ್ನೋದು. ಅಲ್ಲಿ ಕಾಗೆ ಕೂತಾಗ ಬೀಳೋದು ತಾಳೆಹಣ್ಣು. ನಾನು ಇದನ್ನ ಹೇಳ್ದೆ. ಅಪ್ಪ ಒಂದು ನಿಮಿಷ ಸುಮ್ನಿದ್ದು "ವೇದ ಸುಳ್ಳಾದ್ರೂ ಗಾದೆ ಸುಳ್ಳಾಗಲ್ಲ" ಅಂದ್ರು.

ಇದು ನನ್ನ ಪ್ರಕಾರ ಕನ್ನಡದ ಅತಿ ಚಾಲಾಕಿ ವಾಕ್ಯ. ಗಾದೆ ಸುಳ್ಳಾಗಲ್ಲ ಅಂತ ಹೇಳಿದ್ದು ಯಾರು? ಒಂದು ಗಾದೆ. ಅದನ್ನ ಯಾಕೆ ನಂಬಬೇಕು? ಗಾದೆ ಸುಳ್ಳಾಗಲ್ವಲ್ಲ, ಅದಕ್ಕೆ. ತನ್ನ ಜಾಮೀನು ತಾನೇ ಬರ್ಕೊಂಡು ಹೊರಗೆ ಬಂದಿದೆ. ತಮಾಷೆ ಅಂದ್ರೆ ಇದನ್ನ ಹಿಡಿಯೋಕೂ ನಮ್ಮಲ್ಲೇ ಮಾತಿದೆ, ಅಳಿಯ ಅಲ್ಲ ಮಗಳ ಗಂಡ. ಹೋಗ್ಲಿ, ಎಲ್ಲಾ ಗಾದೆಗಳೂ ನಿಜ ಅಂತಾನೇ ಒಪ್ಕೊಂಡ್ರೆ ಮಾತು ಬೆಳ್ಳಿ ಮೌನ ಬಂಗಾರ ಅನ್ನೋದೂ ನಿಜ, ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನೋದೂ ನಿಜ, ಯಾವುದನ್ನ ಯಾವಾಗ ಎತ್ಕೋಬೇಕು ಅನ್ನೋದು ಮಾತ್ರ ವಾದ ಮಾಡೋನ ಕೈಲಿದೆ. ಅಪ್ಪ ಬೇಕಾದಾಗ ಬೇಕಾದ್ದನ್ನ ತೆಗೀತಾರೆ, ಅಮ್ಮ ಸಾಸಿವೆ ಡಬ್ಬದಿಂದ ಚಿಲ್ಲರೆ ತೆಗಿಯೋ ಥರ.

ಎರಡನೇ ದಿನ ಚಿಕ್ಕಪ್ಪ ಸೇರ್ಕೊಂಡ್ರು. ಅವರ ಸ್ಟೈಲೇ ಬೇರೆ. ವಿಷಯದ ಹತ್ರಾನೇ ಬರಲ್ಲ, ನೇರ ಆಳಿನ ಮೇಲೆ ಬರ್ತಾರೆ. "ಮಗಾ, ನಿನಗೆ ದುಡ್ಡು ಕೊಡೋಕೆ ಮನಸ್ಸಿಲ್ಲ, ಅದಕ್ಕೆ ಈ ಸೈನ್ಸ್ ಎಲ್ಲ ಹೇಳ್ತಿದೀಯ" ಅಂದ್ರು. ನನಗೆ ಉರಿದೋಯ್ತು, ಜೋರು ಮಾಡ್ದೆ. ಅವರು ನಗ್ತಾ "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ" ಅಂದ್ಬಿಟ್ರು. ಮುಗೀತಲ್ಲ. ಈ ಗಾದೆಗೆ ಉತ್ತರಾನೇ ಇಲ್ಲ, ಯೋಚನೆ ಮಾಡಿ ನೋಡಿ. ಸುಮ್ನಿದ್ರೆ ಒಪ್ಕೊಂಡಂಗೆ, ಸಿಟ್ಟು ಮಾಡ್ಕೊಂಡ್ರೆ ಸಿಕ್ಕಿಬಿದ್ದಂಗೆ, ಸಮಾಧಾನವಾಗಿ ಅಲ್ಲ ಅಂದ್ರೆ ನೋಡ್ರಪ್ಪಾ ಹೆಂಗೆ ನುಣುಚ್ಕೋತಾನೆ ಅಂತ. ಹೆಗಲ ಮೇಲೆ ಬೂದಿ ಇದ್ಯೋ ಇಲ್ವೋ ಅಂತ ಯಾರೂ ನೋಡಲ್ಲ, ಕೈ ಮೇಲೆ ಹೋಯ್ತಾ ಅಷ್ಟೇ ನೋಡೋದು.

ಇಲ್ಲೊಂದು ವಿಷಯ ಒಪ್ಕೋಬೇಕು. ಚಿಕ್ಕಪ್ಪ ಹೇಳಿದ್ದು ಅರ್ಧ ನಿಜ. ಮನೆ ಲೋನ್ ಕಟ್ತಾ ಇರೋ ನನಗೆ ಒಂದೂವರೆ ಲಕ್ಷ ತೂತಿಗೆ ಹಾಕೋ ಮನಸ್ಸು ಖಂಡಿತ ಇರ್ಲಿಲ್ಲ. ಆದ್ರೆ ನನಗೆ ಮನಸ್ಸಿಲ್ಲ ಅನ್ನೋದ್ರಿಂದ ಕಾಯಿಗೆ ನೀರು ಕಾಣೋ ಶಕ್ತಿ ಬಂದುಬಿಡುತ್ತಾ? ಹೇಳೋನು ಯಾಕೆ ಹೇಳ್ತಿದಾನೆ ಅನ್ನೋದು ಒಂದು ಪ್ರಶ್ನೆ, ಹೇಳಿದ್ದು ಸರೀನಾ ಅನ್ನೋದು ಇನ್ನೊಂದು ಪ್ರಶ್ನೆ. ಹೇಳೋದು ಪುರಾಣ ತಿನ್ನೋದು ಬದನೆಕಾಯಿ ಅಂತ ಪುರಾಣಿಕರನ್ನ ಆಡ್ಕೋತೀವಿ, ಸರಿ, ಅವರು ಬದನೆಕಾಯಿ ತಿಂದಿದ್ರಿಂದ ಅವರ ಬಣ್ಣ ಬಯಲಾಯ್ತು, ಆದ್ರೆ ಬದನೆಕಾಯಿ ತಿನ್ನಬೇಕೋ ಬಿಡಬೇಕೋ ಅನ್ನೋದು ಇನ್ನೂ ಹಂಗೇ ಉಳೀತು ತಾನೇ.

ಆಮೇಲೆ ನಾನೇನು ಮಾಡ್ದೆ ಗೊತ್ತಾ? "ಆ ಪಾಯಿಂಟಿನವ್ರು ಏಳನೇ ಕ್ಲಾಸೂ ಪಾಸಾಗಿಲ್ಲ, ಬೋರ್ ಲಾರಿಯವರ ಹತ್ರ ಕಮಿಷನ್ ಬೇರೆ ತಗೋತಾರೆ" ಅಂದೆ. ಚಿಕ್ಕಪ್ಪ ಮಾಡಿದ್ದನ್ನೇ ಮಾಡ್ದೆ, ಐದು ನಿಮಿಷದ ಒಳಗೆ. ಬೇರೆಯವರ ಬಾಯಲ್ಲಿ ಬಂದಾಗ ಫ್ಯಾಲಸಿ, ನಮ್ಮ ಬಾಯಲ್ಲಿ ಬಂದಾಗ ಪಾಯಿಂಟು.

ಉಳಿದವು ಮಾಮೂಲಿ. ಬೋರ್ ಕೊರೆಸ್ಬೇಕು ಇಲ್ಲಾ ತೋಟ ಒಣಗಿಸ್ಬೇಕು, ಎರಡೇ ದಾರಿ ಅಂದ್ರು (ಕೃಷಿ ಹೊಂಡ, ಹಳೇ ಬೋರಿಗೆ ಮಳೆನೀರು ಇಂಗಿಸೋದು, ಮರದ ಬುಡಕ್ಕೆ ಸಿಪ್ಪೆ ಗರಿ ಮುಚ್ಚೋದು, ಇವು ಯಾವುದೂ ದಾರಿ ಲೆಕ್ಕಕ್ಕೇ ಬರ್ಲಿಲ್ಲ). ಸ್ವಲ್ಪ ದಿನ ತಡೆಯೋಣ ಅಂದಿದ್ದಕ್ಕೆ "ಹಂಗಾದ್ರೆ ತೋಟ ಮಾರಿಬಿಡು ಅಂತೀಯಾ" ಅಂತ ಕೇಳಿದ್ರು, ನಾನು ಅನ್ನದೇ ಇದ್ದ ಮಾತಿಗೆ ನಾನೇ ಅರ್ಧ ಗಂಟೆ ಸಮಜಾಯಿಷಿ ಕೊಟ್ಟೆ. ಊರೆಲ್ಲ ಇವರ ಹತ್ರಾನೇ ನೋಡ್ಸೋದು, ಊರಿಗೊಂದು ದಾರಿ ಆದ್ರೆ ಪೋರಂಗೊಂದು ದಾರಿ ಅಂದ್ರು. ತಾತನ ಕಾಲದಿಂದ ಹಿಂಗೇ ನೋಡ್ತಿರೋದು ಅಂದ್ರು. ಅದಕ್ಕೆ ಅಮ್ಮ ಒಳಗಿಂದ "ತಾತನ ಕಾಲದಲ್ಲಿ ಬಾವಿ ಇತ್ತು, ಬೋರೆಲ್ಲಿತ್ತು?" ಅಂತ ಕೇಳಿದ್ಲು. ಐದು ದಿನದಲ್ಲಿ ಯಾರೂ ತಿರುಗಿ ಮಾತಾಡದೇ ಇದ್ದಿದ್ದು ಅದೊಂದೇ ಪ್ರಶ್ನೆಗೆ.

ಕೊನೆಗೆ ಅಪ್ಪ "ಎರಡು ಫೇಲಾಗಿದೆ, ಮೂರನೇದೂ ಹೋಗಲ್ಲ ಬಿಡೋ" ಅಂದ್ರಲ್ಲ, ಅದರ ಬಗ್ಗೆ ನಾನು ರಾತ್ರಿ ಮಲಗ್ಕೊಂಡು ಯೋಚನೆ ಮಾಡ್ತಿದ್ದೆ. ಜೂಜಿನವರ ಯೋಚನೆ ಇದು. 1913ರ ಆಗಸ್ಟ್ 18ಕ್ಕೆ ಮಾಂಟೆ ಕಾರ್ಲೋ ಕ್ಯಾಸಿನೋಲಿ, ಕೆಂಪು ಕಪ್ಪು ಮನೆಗಳಿರೋ ರೂಲೆಟ್ ಚಕ್ರದಲ್ಲಿ ಸತತ 26 ಸಲ ಕಪ್ಪೇ ಬಿತ್ತಂತೆ, ಪ್ರತಿ ಸಲಾನೂ ಜನ ಈಗಂತೂ ಕೆಂಪು ಬರಲೇಬೇಕು ಅಂತ ದುಡ್ಡು ಸುರಿದು ಸುರಿದು ಬರಿಗೈಲಿ ಮನೆಗೆ ಹೋದ್ರು. ಚಕ್ರಕ್ಕೆ ಹಿಂದಿನದು ನೆನಪಿರಲ್ಲ. ಆದ್ರೆ ಬೋರ್ ವಿಷಯದಲ್ಲಿ ಇದು ಇನ್ನೂ ಕೆಟ್ಟದು, ಯಾಕಂದ್ರೆ ಭೂಮಿಗೆ ಒಂಥರಾ ನೆನಪಿದೆ. ಒಂದೇ ತೋಟದಲ್ಲಿ ಎರಡು ಕಡೆ ಎಂಟುನೂರು ಅಡಿ ಹೋದ್ರೂ ಬರೀ ಧೂಳು ಅಂದ್ರೆ ಅದು ಕೆಳಗಿನ ಕಲ್ಲು ಹೆಂಗಿದೆ ಅನ್ನೋದಕ್ಕೆ ಸಿಕ್ಕಿರೋ ಸುದ್ದಿ. ಎರಡು ಫೇಲಾಗಿದೆ ಅನ್ನೋದು ಮೂರನೇದರ ಬಗ್ಗೆ ಆಸೆ ಕಮ್ಮಿ ಮಾಡ್ಕೊಳ್ಳೋಕೆ ಕಾರಣ, ಜಾಸ್ತಿ ಮಾಡ್ಕೊಳ್ಳೋಕಲ್ಲ.

ಲಾರಿ ಬಂತು. ತಮಿಳುನಾಡಿನ ತಿರುಚೆಂಗೋಡಿನದು, ನಮ್ಮ ಕಡೆ ಬರೋದು ಬಹಳಷ್ಟು ಅಲ್ಲಿಯವೇ. ಅಪ್ಪ ಪೂಜೆ ಮಾಡಿ ಕಾಯಿ ಒಡೆದ್ರು, ಸಾಯಂಕಾಲ ಆರಕ್ಕೆ ಶುರುವಾಯ್ತು. ಕೇಸಿಂಗ್ ಇಳಿಸಿ ಕಲ್ಲು ಸಿಕ್ಕಿದ ಮೇಲೆ ಆ ಶಬ್ದ, ಆ ಬೂದಿ ಬಣ್ಣದ ಧೂಳು, ಹುಣಸೆಮರ ಪೂರ್ತಿ ಬೆಳ್ಳಗಾಗೋಯ್ತು. ನಾನೂರೈವತ್ತು ಬಂತು, ಧೂಳು. ಐನೂರು, ಧೂಳು. ಐನೂರೆಂಬತ್ತರ ಹತ್ರ ಧೂಳು ಸ್ವಲ್ಪ ಹಸಿ ಹಸಿ ಬಂತು, ಅಪ್ಪ ಅದನ್ನ ಮುಷ್ಟೀಲಿ ಹಿಡಿದು ಹಿಸುಕಿ ಉಂಡೆ ಆಗುತ್ತಾ ಅಂತ ನೋಡಿದ್ರು, ಆಗ್ಲಿಲ್ಲ. ಆರುನೂರು, ಆರುನೂರೈವತ್ತು. ಡ್ರಿಲ್ಲರ್ ಹುಡುಗ ನಿಲ್ಲಿಸ್ಲಾ ಅಂತ ಕೈ ಸನ್ನೆ ಮಾಡ್ದ.

ಆ ಹೊತ್ತಲ್ಲಿ ಮನುಷ್ಯನ ತಲೆ ಹೆಂಗೆ ಓಡುತ್ತೆ ಅನ್ನೋದನ್ನ ನಾನು ನನ್ನ ಕಣ್ಣಾರೆ ನೋಡ್ದೆ, ಅಪ್ಪನ ತಲೆ ಅಲ್ಲ, ನನ್ನದೇ. ಬೋರ್ ರೇಟ್ ಗೊತ್ತಲ್ಲ, ಆಳ ಹೋದಂಗೆ ಅಡಿಗೆ ಇಷ್ಟು ಅಂತ ಏರ್ತಾ ಹೋಗುತ್ತೆ, ಅಂದ್ರೆ ಮುಂದಿನ ನೂರಡಿ ಹಿಂದಿನ ನೂರಡಿಗಿಂತ ತುಟ್ಟಿ. ಲೆಕ್ಕದ ಪ್ರಕಾರ ಕೇಳ್ಬೇಕಾಗಿದ್ದ ಪ್ರಶ್ನೆ ಒಂದೇ, ಮುಂದಿನ ನೂರಡೀಲಿ ನೀರು ಸಿಗೋ ಚಾನ್ಸ್ ಆ ದುಡ್ಡಿಗೆ ಬೆಲೆ ಬಾಳುತ್ತಾ ಅಂತ. ಈಗಾಗಲೇ ಹೋಗಿರೋದು ಹೋಯ್ತು, ನಿಲ್ಲಿಸಿದ್ರೂ ವಾಪಸ್ ಬರಲ್ಲ, ಮುಂದಕ್ಕೆ ಹೋದ್ರೂ ವಾಪಸ್ ಬರಲ್ಲ. ಇಷ್ಟೆಲ್ಲ ಗೊತ್ತಿದ್ದ ನಾನು, ಐದು ದಿನ ಬೇಡ ಬೇಡ ಅಂದಿದ್ದ ನಾನು, "ಇಷ್ಟು ಬಂದಿದೀವಿ, ಇನ್ನೊಂದು ನೂರಡಿ ನೋಡೋಣ ಅಪ್ಪಾ" ಅಂದೆ. ಅಪ್ಪನೇ ಬೇಡ ಬಿಡೋ ಅಂದ್ರು. ನಾನು ಬಿಡ್ಲಿಲ್ಲ. ಏಳುನೂರ ಐವತ್ತಕ್ಕೆ ನಿಲ್ಲಿಸಿದ್ವಿ, ಧೂಳಲ್ಲೇ.

ಮಾರನೇ ದಿನ ಪಾಯಿಂಟಿನವರಿಗೆ ಫೋನ್ ಮಾಡಿದ್ವಿ. ಅವರ ಉತ್ತರ ನನಗೆ ಇವತ್ತಿಗೂ ಮೆಚ್ಚುಗೆ. ಮೊದಲು ಯಾರೋ ಮೈಲಿಗೆಯವರು ಅಲ್ಲಿ ಓಡಾಡಿರ್ಬೇಕು ಅಂದ್ರು. ಆಮೇಲೆ ಮನೇಲಿ ಒಬ್ಬರಿಗೆ ನಂಬಿಕೆ ಇರ್ಲಿಲ್ಲ ಅಂದ್ರು (ನಾನು). ಆಮೇಲೆ ಐನೂರೆಂಬತ್ತಕ್ಕೆ ಹಸಿ ಬಂತಾ ಅಂತ ಕೇಳಿ, ಹೂಂ ಬಂತು ಅಂದ್ರೆ, "ಮತ್ತೆ? ನೀರಿದೆ ಅಂದೆ, ಇತ್ತಲ್ಲ. ಮೋಟರಿಗೆ ಸಿಗುತ್ತೆ ಅಂದ್ನಾ?" ಅಂದ್ರು.

ಫೋನ್ ಸ್ಪೀಕರಲ್ಲಿತ್ತು, ನನಗೆ ಬೈಬೇಕೋ ಚಪ್ಪಾಳೆ ಹೊಡೀಬೇಕೋ ಗೊತ್ತಾಗ್ಲಿಲ್ಲ. ಗೌತಮರ ನ್ಯಾಯಸೂತ್ರ ಅನ್ನೋ ಹಳೇ ತರ್ಕಶಾಸ್ತ್ರದ ಗ್ರಂಥದಲ್ಲಿ ಇದಕ್ಕೆ ಹೆಸರಿದೆ, ಛಲ ಅಂತ. ನಮ್ಮ ಕನ್ನಡದ ಹಟದ ಛಲ ಅಲ್ಲ, ಎದುರಿನವರ ಮಾತಿಗೆ ಬೇರೆ ಅರ್ಥ ಹಚ್ಚಿ ಜಾರ್ಕೊಳ್ಳೋ ಛಲ. ಆ ಗ್ರಂಥಕ್ಕೆ ವಾತ್ಸ್ಯಾಯನರು ಬರೆದ ಭಾಷ್ಯದಲ್ಲಿ ಅದಕ್ಕೊಂದು ಉದಾಹರಣೆ ಬರುತ್ತೆ: ಒಬ್ಬ ಹುಡುಗ ನವಕಂಬಳ ಹೊದ್ದಿದಾನೆ ಅಂತಾರೆ, ಅಂದ್ರೆ ಹೊಸ ಕಂಬಳಿ. ಎದುರಿನವನು ಎಲ್ಲಿದೆ ಒಂಬತ್ತು ಕಂಬಳಿ, ಒಂದೇ ಇರೋದು ಅಂತಾನೆ. ನವ ಅಂದ್ರೆ ಹೊಸದೂ ಹೌದು ಒಂಬತ್ತೂ ಹೌದು ಅಲ್ವಾ. ನಮ್ಮ ಪಾಯಿಂಟಿನವರು ಇನ್ನೂ ಒಂದು ಕೈ ಮೇಲೆ, ಬೇರೆಯವರ ಮಾತಲ್ಲ, ತಮ್ಮದೇ ಮಾತಿಗೆ ಆಮೇಲೆ ಅರ್ಥ ಬದಲಾಯಿಸಿದ್ರು. ಎರಡೂವರೆ ಇಂಚು ಅಂದಿದ್ದನ್ನ ಪಾಪ ಅಪ್ಪ ಕೂಡ ಆ ಹೊತ್ತಲ್ಲಿ ಮರೆತ್ರು.

ಅದೇ ಶಾಸ್ತ್ರದವರು ಮಾತಿನ ಕುಸ್ತೀನ ಮೂರು ಥರ ವಿಂಗಡಿಸಿದಾರೆ. ನಿಜ ಏನು ಅಂತ ತಿಳ್ಕೊಳ್ಳೋಕೆ ಮಾಡೋದು ವಾದ, ಗೆಲ್ಲೋಕೆ ಮಾಡೋದು ಜಲ್ಪ, ತನ್ನದು ಅಂತ ಏನೂ ಹೇಳದೆ ಬರೀ ಎದುರಿನವರದ್ದನ್ನ ಒಡೆಯೋದು ವಿತಂಡ. ಕಾರಣದ ಥರ ಕಾಣೋ, ಆದ್ರೆ ಕಾರಣ ಅಲ್ಲದ್ದಕ್ಕೆ ಹೇತ್ವಾಭಾಸ ಅಂತಾರೆ, ಗೌತಮರು ಅದರಲ್ಲಿ ಐದು ಬಗೆ ಹೇಳಿದಾರೆ. ಸೋಲೋ ಜಾಗಗಳು, ನಿಗ್ರಹಸ್ಥಾನ ಅಂತ, 22. ಲ್ಯಾಟಿನ್ ಹೆಸರು ಹೇಳಿದ್ರೆ ಅಪ್ಪ ಇಂಗ್ಲಿಷ್ ಕೊರೀಬೇಡ ಅಂತಿದ್ರು, ಈ ಹೆಸರು ಹೇಳಿದಾಗ ಮಾತ್ರ ಕಿವಿ ಕೊಟ್ಟು ಕೇಳಿದ್ರು. (ಹಳೇದು, ಸಂಸ್ಕೃತದಲ್ಲಿದೆ ಅಂದ್ರೆ ಒಪ್ಪೋದೂ ಒಂದು ಫ್ಯಾಲಸಿನೇ, ಆದ್ರೆ ನನಗೆ ಅನುಕೂಲ ಆಗಿದ್ದಕ್ಕೆ ನಾನು ಎತ್ತಲಿಲ್ಲ.)

ಆದ್ರೆ ಕಾಯಿ ತಾನಾಗೇ ಹೆಂಗೆ ಏಳ್ತು ಅಂತ ಅಪ್ಪ ಕೇಳಿದ್ರು. ನ್ಯಾಯವಾದ ಪ್ರಶ್ನೆ. ಆ ಮನುಷ್ಯ ಬೇಕಂತ ಎಬ್ಬಿಸಿದ್ರು ಅಂತ ನನಗೆ ಅನ್ಸಿಲ್ಲ, ಅವರ ಮುಖದಲ್ಲಿ ಮೋಸ ಇರ್ಲಿಲ್ಲ. ನಮಗೆ ಗೊತ್ತಿಲ್ಲದಂಗೆ ಕೈ ಒಂಚೂರು ಓರೆ ಆಗುತ್ತೆ, ಅಷ್ಟು ಸಾಕು, ದುಂಡನೆ ಕಾಯಿ ಉರುಳಿ ನಿಲ್ಲುತ್ತೆ. 1852ರಲ್ಲೇ ವಿಲಿಯಂ ಕಾರ್ಪೆಂಟರ್ ಅನ್ನೋ ಇಂಗ್ಲೆಂಡಿನ ವೈದ್ಯರು ಇದಕ್ಕೆ ಐಡಿಯೋಮೋಟರ್ ಅಂತ ಹೆಸರಿಟ್ಟಿದಾರೆ. ಮನಸ್ಸಲ್ಲಿ ಇಲ್ಲೇ ಇರ್ಬೇಕು ಅಂತ ಬಂದ್ರೆ ಕೈ ಅದನ್ನ ಕೇಳಿಸ್ಕೊಳ್ಳುತ್ತೆ. ಹಸಿರು ಜಾಸ್ತಿ ಇರೋ ಜಾಗ, ತಗ್ಗು, ಹುತ್ತ ಇವನ್ನೆಲ್ಲ ನಲವತ್ತು ವರ್ಷ ನೋಡಿದ ಕಣ್ಣು ಅವರದು.

ಇದನ್ನ ಪರೀಕ್ಷೆ ಮಾಡಿ ನೋಡಿದವರೂ ಇದಾರೆ. 1980ರ ದಶಕದ ಕೊನೇಲಿ ಜರ್ಮನಿಯ ಮ್ಯೂನಿಕ್ ಹತ್ರ ಎರಡಂತಸ್ತಿನ ಒಂದು ಕೊಟ್ಟಿಗೇಲಿ, ಕೆಳಗೆ ಗಾಡಿ ಮೇಲೆ ನೀರಿನ ಪೈಪ್ ಇಟ್ಟು ಅದನ್ನ ಅತ್ತಿತ್ತ ಜರುಗಿಸೋದು, ಮೇಲಿನ ಅಂತಸ್ತಲ್ಲಿ ಕಡ್ಡಿ ಹಿಡಿದವರು ಎಲ್ಲಿದೆ ಅಂತ ಹೇಳೋದು. ಸುಮಾರು 500 ಜನರಲ್ಲಿ ಆರಿಸಿ ತೆಗೆದ 43 ಜನ, ಒಟ್ಟು 843 ಸಲ. ಬಹುತೇಕ ಎಲ್ಲರದ್ದೂ ಸುಮ್ನೆ ಊಹೆ ಮಾಡಿದಂಗಿತ್ತು, ಆದ್ರೂ ಮಾಡಿಸಿದವರು ಕೆಲವರಲ್ಲಿ ಮಾತ್ರ ನಿಜವಾಗ್ಲೂ ಶಕ್ತಿ ಇದೆ ಅಂದ್ರು. ಆಮೇಲೆ ಅಮೆರಿಕದ ಜಿಮ್ ಎನ್‌ರೈಟ್ ಅನ್ನೋ ವಿಜ್ಞಾನಿ ಅದೇ ಲೆಕ್ಕ ಮತ್ತೆ ತೆಗೆದು ನೋಡಿ, ಇಷ್ಟು ಜನ ಇಷ್ಟು ಸಲ ಸುಮ್ನೆ ಊಹೆ ಮಾಡಿದ್ರೂ ಕೆಲವರದ್ದು ಹಿಂಗೇ ಚೆನ್ನಾಗಿ ಕಾಣ್ಬೇಕು, ಒಂದು ಸುತ್ತಲ್ಲಿ ಚೆನ್ನಾಗಿ ಹೇಳಿದವರೇ ಇನ್ನೊಂದು ಸುತ್ತಲ್ಲಿ ಎಡವಿದಾರೆ ಅಂತ ತೋರಿಸಿದ್ರು. ಗೆದ್ದವರನ್ನ ಆಟ ಮುಗಿದ ಮೇಲೆ ಆರಿಸಿದ್ರೆ ಯಾವ ಆಟದಲ್ಲಾದ್ರೂ ಗೆದ್ದವರು ಸಿಗ್ತಾರೆ.

ನನ್ನ ಸರದಿ ಬಂತು. ಮಿಷನ್‌ನವರನ್ನ ಕರೆಸ್ದೆ. ನೆಲಕ್ಕೆ ನಾಲ್ಕು ಕಬ್ಬಿಣದ ಗೂಟ ಹೊಡೆದು, ಆಚೆ ಎರಡರಲ್ಲಿ ಕರೆಂಟ್ ಬಿಟ್ಟು ಒಳಗಿನ ಎರಡರಲ್ಲಿ ವೋಲ್ಟೇಜ್ ನೋಡಿ, ದೂರ ಜಾಸ್ತಿ ಮಾಡ್ತಾ ಮಾಡ್ತಾ ಗ್ರಾಫ್ ಹಾಕಿದ್ರು. ಈ ಸಲ ನಾನು ಹೇಳ್ದೆ, ಕೊರೆಯೋ ಮುಂಚೆನೇ ಬರೆದಿಡೋಣ, ಆಮೇಲೆ ಯಾರೂ ಮಾತು ತಿರುಗಿಸೋದು ಬೇಡ. ಅಪ್ಪ ಅಡುಗೆಮನೆ ಕ್ಯಾಲೆಂಡರ್ ತಂದು ಹಿಂದಿನ ಹಾಳೇಲಿ ಬರೆದ್ರು: ಮಿಷನ್, 480 ಅಡಿ, ಒಂದೂವರೆ ಇಂಚು.

480ಕ್ಕೆ ಏನೂ ಬರ್ಲಿಲ್ಲ. 610ಕ್ಕೆ ಸಣ್ಣ ಗ್ಯಾಪ್ ಸಿಗ್ತು, ಅಳೆದ್ರೆ ಮುಕ್ಕಾಲು ಇಂಚು. ನಾನು ತಕ್ಷಣ ಶುರು ಮಾಡ್ದೆ, ನಮ್ಮ ಕಲ್ಲು ಕಷ್ಟ, ಒದ್ದೆ ಜೇಡಿ ಇದ್ರೂ ಮಿಷನ್‌ಗೆ ನೀರಿನ ಥರಾನೇ ಕಾಣುತ್ತೆ, ಆಳದ ಅಂದಾಜು ಒಂಚೂರು ಆಚೀಚೆ ಆಗೋದು ಸಹಜ ಅಂತ. ಹೇಳಿದ್ದೆಲ್ಲ ನಿಜಾನೇ. ಅಪ್ಪ ಪೂರ್ತಿ ಕೇಳಿಸ್ಕೊಂಡು, ಎಲೆಗೆ ಸುಣ್ಣ ಹಚ್ತಾ, "ಅಲ್ವೋ, ಕಾಯಿಯವ್ರು ಇದೇ ಮುಕ್ಕಾಲಿಂಚು ತಂದು ಇದೇ ಮಾತು ಹೇಳಿದ್ರೆ ನೀನು ಏನಂತಿದ್ದೆ?" ಅಂತ ಕೇಳಿದ್ರು.

ಚಿಕ್ಕಪ್ಪ ಜೋರಾಗಿ ನಕ್ರು. ನಾನು ಹೆಗಲು ಮುಟ್ಟಿ ನೋಡ್ಕೊಳ್ಳಿಲ್ಲ, ಅಷ್ಟೇ.

ಕ್ಯಾಲೆಂಡರ್ ಹಿಂದೆ 480ರ ಪಕ್ಕದಲ್ಲಿ ಅಪ್ಪನೇ 610 ಅಂತ ಬರೆದಿದಾರೆ, ಒಂದೂವರೆ ಪಕ್ಕದಲ್ಲಿ ಮುಕ್ಕಾಲು. ಪಾಸ್ ಅಂತ ಬರೀಬೇಕೋ ಫೇಲ್ ಅಂತ ಬರೀಬೇಕೋ ಅನ್ನೋದು ತೀರ್ಮಾನ ಆಗಿಲ್ಲ, ಆ ಜಾಗ ಖಾಲಿ ಇದೆ. ಮೋಟರ್ ದಿನಾ ನಲವತ್ತು ನಿಮಿಷ ಓಡುತ್ತೆ, ಆಮೇಲೆ ಗಾಳಿ ಬರುತ್ತೆ, ಅಮ್ಮ ಹೋಗಿ ಆಫ್ ಮಾಡ್ತಾಳೆ.